ಬೆಂಗಳೂರಿನಲ್ಲಿ ಒಂದೇ ಬೆಳಗ್ಗೆ ಇದ್ದರೆ ತಿಂಡಿಗೆ ಎಲ್ಲಿಗೆ?

ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ ಹೊರಟ ರಾತ್ರಿ ಬಸ್ಸು ಬೆಳಗಿನ ಐದೂವರೆ ಆರಕ್ಕೆ ಮೆಜೆಸ್ಟಿಕ್ಕಿನಲ್ಲಿ ಇಳಿಸುತ್ತದೆ. ಕೆಲಸ ಇರುವುದು ಹತ್ತೂವರೆಗೆ. ನಡುವಿನ ನಾಲ್ಕು ಗಂಟೆಯಲ್ಲಿ ಹಳೇ ಬೆಂಗಳೂರಿನ ಹೋಟೆಲೊಂದರಲ್ಲಿ ತಿಂಡಿ ಆಗಬೇಕು. ಎಂಟಿಆರ್, ವಿದ್ಯಾರ್ಥಿ ಭವನ, ಸಿಟಿಆರ್, ಬ್ರಾಹ್ಮಿನ್ಸ್ ಕಾಫಿ ಬಾರ್, ವೀಣಾ ಸ್ಟೋರ್ಸ್. ಹೆಸರೆಲ್ಲ ಕೇಳಿದ್ದೇ, ಯಾವುದಕ್ಕೆ ಹೋಗುವುದು ಅನ್ನುವುದೇ ತಕರಾರು. ಬೆಂಗಳೂರಿನವರನ್ನು ಕೇಳಿ ಉಪಯೋಗವಿಲ್ಲ. ಬಸವನಗುಡಿಯವರು ಗಾಂಧಿ ಬಜಾರಿನ ಕಡೆ ಕೈ ತೋರಿಸುತ್ತಾರೆ, ಮಲ್ಲೇಶ್ವರದವರಿಗೆ ಮಾರ್ಗೋಸಾ ರಸ್ತೆ ಬಿಟ್ಟರೆ ದೋಸೆಯೇ ಇಲ್ಲ.

ರುಚಿಯಲ್ಲಿ ಈ ಐದೂ ತಂತಮ್ಮ ಪದಾರ್ಥದಲ್ಲಿ ಗೆದ್ದಂಥವೇ. ಊರಿಂದ ಬಂದವರ ಬೆಳಗ್ಗೆ ಕೆಡುವುದು ಬೇರೆ ಕಾರಣಕ್ಕೆ. ವಾರದ ರಜೆಯ ದಿನ ಹೋಗಿ ಮುಚ್ಚಿದ ಬಾಗಿಲ ಮುಂದೆ ನಿಲ್ಲುತ್ತಾರೆ. ಮಂಡಿನೋವಿನ ಅಮ್ಮನನ್ನು ನಿಂತು ತಿನ್ನುವ ಜಾಗಕ್ಕೆ ಕರೆದುಕೊಂಡು ಹೋಗುತ್ತಾರೆ. ಸಾಂಬಾರ್ ಇಲ್ಲದೆ ತುತ್ತು ಇಳಿಯದವರನ್ನು ಚಟ್ನಿ ಮಾತ್ರ ಬಡಿಸುವಲ್ಲಿಗೆ ಎಳೆದೊಯ್ಯುತ್ತಾರೆ. ಆದ್ದರಿಂದ ಹೋಟೆಲಿನ ಹೆಸರಿಗಿಂತ ಮೊದಲು ಕೆಲವು ಪ್ರಶ್ನೆ ಕೇಳಿಕೊಳ್ಳಬೇಕು.

ಮೊದಲು ಕೇಳಿಕೊಳ್ಳಬೇಕಾದ್ದು

ಇವತ್ತು ಯಾವ ವಾರ? ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ ರಜೆ. ವಿದ್ಯಾರ್ಥಿ ಭವನಕ್ಕೆ ಶುಕ್ರವಾರ. ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಭಾನುವಾರ. ಇಷ್ಟು ನೆನಪಿದ್ದರೆ ಅರ್ಧ ಆಯ್ಕೆ ಮುಗಿದಂತೆ. ಹಬ್ಬದ ದಿನಗಳಲ್ಲಿ ಈ ಲೆಕ್ಕವೂ ತಪ್ಪುತ್ತದೆ, ಹೊರಡುವ ಮುಂಚೆ ಒಂದು ಫೋನ್ ಮಾಡಿದರೆ ಆಟೋ ದುಡ್ಡು ಉಳಿಯುತ್ತದೆ.

ಕಾಯುವುದಕ್ಕೆ ಎಷ್ಟು ಹೊತ್ತಿದೆ? ವಾರದ ದಿನ ಏಳು ಗಂಟೆಯೊಳಗೆ ಹೋದರೆ ಎಲ್ಲೂ ಹೆಚ್ಚು ಕಾಯಬೇಕಿಲ್ಲ. ಭಾನುವಾರ ಎಂಟೂವರೆಗೆ ಹೋದರೆ ಕೂತು ತಿನ್ನುವ ಮೂರೂ ಕಡೆ ಮುಕ್ಕಾಲು ಗಂಟೆ, ಒಂದು ಗಂಟೆ ಫುಟ್‌ಪಾತಿನಲ್ಲಿ ನಿಲ್ಲುವ ತಯಾರಿ ಬೇಕು. ನಿಂತು ತಿನ್ನುವ ಕಡೆ ಎಷ್ಟೇ ಜನವಿರಲಿ, ಸಾಲು ಓಡುತ್ತಿರುತ್ತದೆ. ಕೈಗೆ ಟೋಕನ್ ಬಂತೆಂದರೆ ತಟ್ಟೆಯೂ ಬಂತು.

ಕೂರಬೇಕೋ, ನಿಂತರೂ ಆಯಿತೋ? ವಯಸ್ಸಾದವರು, ಕೂಸು ಎತ್ತಿಕೊಂಡವರು, ಕೈಯಲ್ಲಿ ಎರಡು ಬ್ಯಾಗು ಹಿಡಿದವರು ಕೂರುವ ಜಾಗವನ್ನೇ ನೋಡಬೇಕು. ಬ್ಯಾಗು ಅಂದಾಗ ನೆನಪಾಯಿತು: ಇವುಗಳಲ್ಲಿ ಯಾವ ಹೋಟೆಲಿನಲ್ಲೂ ಸೂಟ್‌ಕೇಸ್ ಇಟ್ಟುಕೊಳ್ಳುವಷ್ಟು ಜಾಗ ಇಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲೋ ರೈಲು ನಿಲ್ದಾಣದಲ್ಲೋ ಕ್ಲೋಕ್‌ರೂಮಿಗೆ ಕೊಟ್ಟು ಹೊರಡಿ. ಬೀಗ ಹಾಕದ ಬ್ಯಾಗನ್ನು ರೈಲಿನವರು ತೆಗೆದುಕೊಳ್ಳುವುದಿಲ್ಲ.

ದೋಸೆಯೋ ಇಡ್ಲಿಯೋ? ಎರಡಕ್ಕೂ ಒಂದೇ ಹೋಟೆಲ್ ಹುಡುಕುವುದೇ ತಪ್ಪು. ಇಲ್ಲಿ ಪ್ರತಿಯೊಂದೂ ಒಂದೆರಡು ಪದಾರ್ಥದಿಂದ ಹೆಸರು ಮಾಡಿದ ಜಾಗ. ದೋಸೆ ಹೋಟೆಲಿನಲ್ಲಿ ಇಡ್ಲಿ ತಿಂದು 'ಇಷ್ಟೇನಾ' ಅಂದವರು ಬೇಕಾದಷ್ಟಿದ್ದಾರೆ.

ಇನ್ನು ದುಡ್ಡು. ನಿಂತು ತಿನ್ನುವ ಕಡೆ ಇಡ್ಲಿ, ವಡೆ, ಕಾಫಿ ಸೇರಿ ಒಬ್ಬರಿಗೆ ಸುಮಾರು ನೂರು ರೂಪಾಯಿಯಲ್ಲಿ ಹೊಟ್ಟೆ ತುಂಬುತ್ತದೆ. ಕೂತು ತಿನ್ನುವ ಕಡೆ ದೋಸೆ, ಒಂದು ಸಿಹಿ, ಕಾಫಿ ಅಂದರೆ ಅದರ ಒಂದೂವರೆ ಪಟ್ಟು, ಎರಡು ಪಟ್ಟು. ಎಂಟಿಆರ್‌ನ ಮಧ್ಯಾಹ್ನದ ಊಟ ಬೇರೆಯದೇ ಲೆಕ್ಕ, ಒಬ್ಬರಿಗೆ ಮುನ್ನೂರರ ಮೇಲೆಯೇ ಇಟ್ಟುಕೊಳ್ಳಿ. ಹಾಲಿನ ದರ ಏರಿದಾಗಲೆಲ್ಲ ಕಾಫಿ ದರವೂ ಏರುವುದರಿಂದ ಬೋರ್ಡ್ ನೋಡಿಯೇ ನಂಬಬೇಕು. ಯುಪಿಐ ನಡೆಯುತ್ತದೆ, ಆದರೆ ಬೆಳಗಿನ ನೂಕಿನಲ್ಲಿ ಗಲ್ಲಾದ ಮುಂದೆ ನೆಟ್‌ವರ್ಕ್‌ಗೆ ಕಾಯುತ್ತ ನಿಂತರೆ ಹಿಂದಿನವರ ಕಣ್ಣು ಬೆನ್ನಿಗೆ ಚುಚ್ಚುತ್ತದೆ. ಇನ್ನೂರು ರೂಪಾಯಿ ಚಿಲ್ಲರೆ ಜೇಬಿನಲ್ಲಿರಲಿ.

ಕೊನೆಯದು, ದಿಕ್ಕು. ಮೆಜೆಸ್ಟಿಕ್ಕಿನಿಂದ ಹಸಿರು ಮೆಟ್ರೋದಲ್ಲಿ ಉತ್ತರಕ್ಕೆ ಒಂದೇ ನಿಲ್ದಾಣ ಹೋದರೆ ಸಂಪಿಗೆ ರಸ್ತೆ, ಅಂದರೆ ಮಲ್ಲೇಶ್ವರದ ಬಾಗಿಲು. ದಕ್ಷಿಣಕ್ಕೆ ಮೂರನೆಯದು ನ್ಯಾಷನಲ್ ಕಾಲೇಜು, ನಾಲ್ಕನೆಯದು ಲಾಲ್‌ಬಾಗ್. ಒಂದು ಬೆಳಗ್ಗೆಯಲ್ಲಿ ಉತ್ತರ ದಕ್ಷಿಣ ಎರಡನ್ನೂ ಮುಗಿಸುವ ಆಸೆ ಬೇಡ. ಒಂಬತ್ತಾಯಿತೆಂದರೆ ಈ ಊರಿನ ಟ್ರಾಫಿಕ್ಕು ತಿಂದದ್ದನ್ನು ಕರಗಿಸಿಬಿಡುತ್ತದೆ. ಭಾನುವಾರ ಮೆಟ್ರೋ ಬೆಳಗ್ಗೆ ತಡವಾಗಿ ಶುರುವಾಗುತ್ತದೆ ಅನ್ನುವುದೂ ಗಮನದಲ್ಲಿರಲಿ.

ವಿದ್ಯಾರ್ಥಿ ಭವನ: ದೋಸೆಗಾಗಿಯೇ ಹೋಗುವುದಾದರೆ

1943ರಲ್ಲಿ ಗಾಂಧಿ ಬಜಾರಿನಲ್ಲಿ ಶುರುವಾದದ್ದು. ಆಗ ಸುತ್ತಮುತ್ತಲ ಶಾಲೆಗಳ ಹುಡುಗರು ಬಂದು ತಿನ್ನುತ್ತಿದ್ದುದರಿಂದ ಈ ಹೆಸರು. ಶುರುಮಾಡಿದವರು ಸಾಲಿಗ್ರಾಮದ ಕಡೆಯ ಉರಾಳರು, 1970ರಲ್ಲಿ ರಾಮಕೃಷ್ಣ ಅಡಿಗರ ಕೈಗೆ ಬಂತು. ಇವತ್ತಿಗೂ ಅದೇ ಉದ್ದನೆಯ ಕೋಣೆ, ಗೋಡೆಯ ಮೇಲೆ ಕನ್ನಡದ ಸಾಹಿತಿಗಳ ರೇಖಾಚಿತ್ರ, ಪಂಚೆ ಉಟ್ಟ ಮಾಣಿಗಳು.

ಇಲ್ಲಿನ ಮಸಾಲೆ ದೋಸೆ ಕಾಗದದಂತೆ ತೆಳ್ಳಗಿರುವುದಿಲ್ಲ. ದಪ್ಪ, ಚಿಕ್ಕದು, ಹೊರಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ. ಮದ್ರಾಸು ಕಡೆಯ ಪೇಪರ್ ದೋಸೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರಿಗೆ ಮೊದಲ ತುತ್ತಿಗೆ 'ಇದೇನು ಸೆಟ್ ದೋಸೆ ಥರ' ಅನ್ನಿಸಬಹುದು. ಚಟ್ನಿ ನೀರಾಗಿರುತ್ತದೆ. ಅದು ಕಂಜೂಸಿತನ ಅಲ್ಲ, ಲೆಕ್ಕಾಚಾರ. ದಪ್ಪ ದೋಸೆಯ ಒಳಭಾಗ ಸ್ಪಂಜಿನಂತೆ ಹೀರಿಕೊಳ್ಳಬೇಕಾದರೆ ಚಟ್ನಿ ಹರಿಯಬೇಕು. ಮಾಣಿ ಚಟ್ನಿಯನ್ನು ದೋಸೆಯ ಮೇಲೇ ಸುರಿಯಲು ಬಂದರೆ, ಗರಿ ಉಳಿಯಬೇಕು ಅನ್ನುವವರು ಪಕ್ಕಕ್ಕೆ ಹಾಕಿ ಅಂತ ಮೊದಲೇ ಹೇಳಬೇಕು.

ಆ ಬಣ್ಣ ಎಲ್ಲಿಂದ ಬರುತ್ತದೆ ಅನ್ನುವುದನ್ನು ಯಾವುದಾದರೂ ಹಳೇ ದೋಸೆ ಹೋಟೆಲಿನ ಕಾವಲಿಯ ಹತ್ತಿರ ಎರಡು ನಿಮಿಷ ನಿಂತರೆ ಕಾಣಬಹುದು. ಮಂಚದಷ್ಟಗಲದ ದಪ್ಪ ಕಬ್ಬಿಣದ ಕಾವಲಿ. ಒಂದು ಚೊಂಬು ನೀರು ಎರಚಿ, ಕಡ್ಡಿ ಪೊರಕೆಯಲ್ಲಿ ಗುಡಿಸಿದಾಗ ಬುಸ್ಸೆಂದು ಆವಿ ಏಳುತ್ತದೆ. ಆ ನೀರು ಕಾವಲಿಯ ಮೇಲ್ಮೈ ಶಾಖವನ್ನು ಇಳಿಸುತ್ತದೆ, ಇಲ್ಲದಿದ್ದರೆ ಹಿಟ್ಟು ಸೌಟಿಗೇ ಅಂಟಿ ಎದ್ದುಬರುತ್ತದೆ. ಆಮೇಲೆ ಸಾಲಾಗಿ ಹತ್ತು ಹನ್ನೆರಡು ದೋಸೆ ಹುಯ್ದು, ಮೇಲೆ ಜಿಡ್ಡು ಸುರಿದು, ಒಂದೇ ಮಗ್ಗುಲು ಬೇಯಿಸುತ್ತಾರೆ. ಕಾವಲಿ ದಪ್ಪ ಇರುವುದರಿಂದ ಕಾವು ನಿಧಾನವಾಗಿ, ಸಮನಾಗಿ ಏರುತ್ತದೆ. ಹುಳಿ ಬಂದ ಹಿಟ್ಟಿನ ಸಕ್ಕರೆ ಅಂಶ ಕೆಂಪಗಾಗುವಷ್ಟು ಹೊತ್ತು ದೋಸೆ ಅಲ್ಲೇ ಕೂರಬಲ್ಲದು. ಮನೆಯ ತೆಳ್ಳನೆಯ ನಾನ್‌ಸ್ಟಿಕ್ಕಿನಲ್ಲಿ ಈ ಬಣ್ಣ ಬರಿಸಲು ಹೋದರೆ ಅಂಚು ಕರಕಲಾಗುತ್ತದೆ, ನಡು ಹಸಿಯಾಗಿ ಉಳಿಯುತ್ತದೆ. ಹಿಟ್ಟಿಗೆ ಮೆಂತ್ಯ ಬಿದ್ದರೂ ಕೆಂಪು ಚೆನ್ನಾಗಿ ಹತ್ತುತ್ತದೆ.

ದೋಸೆ ಹೀಗೆ ಒಂದೇ ಸಲ ಹತ್ತಾರು ಇಳಿಯುವುದರಿಂದ ಇಲ್ಲಿ ಆರ್ಡರ್ ಮಾಡುವುದಕ್ಕೂ ಒಂದು ಕ್ರಮವಿದೆ. ಮಾಣಿ ನಾಲ್ಕೈದು ಮೇಜಿನ ಲೆಕ್ಕ ಒಟ್ಟಿಗೆ ತೆಗೆದುಕೊಂಡು ಒಳಗೆ ಹೋಗುತ್ತಾನೆ, ತೋಳಿನುದ್ದಕ್ಕೂ ತಟ್ಟೆಗಳನ್ನು ಪೇರಿಸಿಕೊಂಡು ವಾಪಸ್ ಬರುತ್ತಾನೆ. ಅವನು ಕೇಳಿದಾಗ 'ಒಂದು ನಿಮಿಷ, ಯೋಚನೆ ಮಾಡ್ತೀವಿ' ಅಂದರೆ ಆ ಕಾವಲಿ ತಪ್ಪಿತು, ಮುಂದಿನದಕ್ಕೆ ಕಾಯಿರಿ. ಇನ್ನೊಂದು ದೋಸೆ ಬೇಕಾಗಬಹುದು ಅನ್ನಿಸಿದರೆ ಮೊದಲೇ ಹೇಳಿ. ಮೊದಲನೆಯದನ್ನು ತಿಂದಾದ ಮೇಲೆ ಹೇಳಿದರೆ ಅದು ಬರುವ ಹೊತ್ತಿಗೆ ಹಸಿವೇ ಇಳಿದಿರುತ್ತದೆ. ಮೇಜು ಹಂಚಿಕೊಳ್ಳುವುದು ಇಲ್ಲಿ ಮಾಮೂಲು. ನಾಲ್ವರಿಗೆ ಒಂದೇ ಮೇಜು ಬೇಕೆಂದು ಹಠ ಹಿಡಿದರೆ ಕಾಯುವುದು ದುಪ್ಪಟ್ಟಾಗುತ್ತದೆ. ಬೇರೆ ಬೇರೆ ಕೂರಲು ಒಪ್ಪಿದವರು ಬೇಗ ಒಳಗೆ ಹೋಗುತ್ತಾರೆ.

ಬಾಗಿಲು ತೆಗೆಯುವುದು ಬೆಳಗ್ಗೆ 6.30ಕ್ಕೆ. ವಾರದ ದಿನ ಹನ್ನೊಂದೂವರೆಗೆ ಬೆಳಗಿನ ಪಾಳಿ ಮುಗಿಯುತ್ತದೆ, ಮತ್ತೆ ತೆಗೆಯುವುದು ಮಧ್ಯಾಹ್ನ ಎರಡಕ್ಕೆ. ನ್ಯಾಷನಲ್ ಕಾಲೇಜು ಮೆಟ್ರೋದಿಂದ ಸುಮಾರು ಒಂದು ಕಿಲೋಮೀಟರ್ ನಡಿಗೆ. ಕಾರಿನಲ್ಲಿ ಹೋಗುವವರಿಗೆ ಗಾಂಧಿ ಬಜಾರಿನಲ್ಲಿ ನಿಲ್ಲಿಸುವ ಜಾಗ ಸಿಗುವುದು ದೋಸೆ ಸಿಗುವುದಕ್ಕಿಂತ ಕಷ್ಟ. ಕಾರ್ತೀಕದ ಕೊನೆಯ ಸೋಮವಾರದ ಆಸುಪಾಸಿನಲ್ಲಿ ಹೋದರೆ ಕಡಲೆಕಾಯಿ ಪರಿಷೆಯ ಜನಸಾಗರ ಬಸವನಗುಡಿಯನ್ನೇ ತುಂಬಿರುತ್ತದೆ. ಪರಿಷೆ ನೋಡುವುದೇ ಉದ್ದೇಶವಾದರೆ ಸರಿ, ತಿಂಡಿ ಮಾತ್ರ ಬೇಕಾದರೆ ಆ ಎರಡು ಮೂರು ದಿನ ಬಿಡಿ.

ಎಂಟಿಆರ್: ಕೂತು, ನಿಧಾನವಾಗಿ, ರವೆ ಇಡ್ಲಿ

1924ರಲ್ಲಿ ಕೋಟದ ಹತ್ತಿರದ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು ತೆಗೆದ ಪುಟ್ಟ ಕಾಫಿ ಹೋಟೆಲು, 1960ರಲ್ಲಿ ಲಾಲ್‌ಬಾಗ್ ರಸ್ತೆಯ ಈಗಿನ ಕಟ್ಟಡಕ್ಕೆ ಬಂದು ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅಕ್ಕಿ ನಿಂತುಹೋದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದ್ದೇ ರವೆ ಇಡ್ಲಿಯ ಹುಟ್ಟು ಎನ್ನುವುದು ಹೋಟೆಲಿನವರ ಮಾತು.

ಪೇಟೆಯಲ್ಲಿ ಸಿಗುವ ಎಂಟಿಆರ್ ಪ್ಯಾಕೆಟ್ಟಿನ ರುಚಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಹೋಟೆಲನ್ನು ಅಳೆಯಬೇಡಿ. ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ಹೋಟೆಲ್ ತಿಂಡಿಯ ಬೆಲೆಗೆ ಕಡಿವಾಣ ಹಾಕಿದಾಗ ಆ ಬೆಲೆಯಲ್ಲಿ ಗುಣಮಟ್ಟ ಕಾಯಲಾಗದೆ ಹೋಟೆಲು ಕೆಲಕಾಲ ಮುಚ್ಚಿತು. ಪುಡಿ, ಮಿಕ್ಸ್ ಮಾರುವ ದಾರಿ ತೆರೆದದ್ದು ಆಗ. ಆ ಪ್ಯಾಕೆಟ್ ಕಂಪನಿ 2007ರಲ್ಲಿ ನಾರ್ವೆಯ ಓರ್ಕ್ಲಾ ಪಾಲಾಯಿತು, ಹೋಟೆಲು ಮಯ್ಯರ ಮನೆತನದಲ್ಲೇ ಉಳಿಯಿತು. ಹೆಸರು ಒಂದೇ, ಅಡುಗೆಮನೆ ಬೇರೆ.

ಇಲ್ಲಿ ಮೊದಲು ಹೇಳಬೇಕಾದ್ದು ರವೆ ಇಡ್ಲಿ. ಗೋಡಂಬಿ ಕೂತ ದೊಡ್ಡ ಇಡ್ಲಿ, ಜೊತೆಗೆ ಆಲೂಗಡ್ಡೆ ಸಾಗು, ಚಟ್ನಿ, ಪುಟ್ಟ ಬಟ್ಟಲಿನಲ್ಲಿ ತುಪ್ಪ. ತುಪ್ಪ ಸುರಿದ ತಕ್ಷಣ ತಿನ್ನಿ. ಅಕ್ಕಿ ಇಡ್ಲಿ ತಣ್ಣಗಾದರೂ ಒಂದು ಹದದಲ್ಲಿ ನಿಲ್ಲುತ್ತದೆ. ರವೆ ಇಡ್ಲಿ ಹಾಗಲ್ಲ, ಮೊಸರು ಸೋಡಾದಲ್ಲಿ ಉಬ್ಬಿದ ರವೆ ಆರಿದಂತೆ ಬಿಗಿದುಕೊಂಡು ಗಂಟಲಿಗೆ ಅಡರುತ್ತದೆ. ಫೋಟೋ ತೆಗೆಯುತ್ತ ಹತ್ತು ನಿಮಿಷ ಕಳೆದವರು 'ಒಣಗಿತ್ತು' ಎಂದು ಬರೆಯುವುದು ಈ ಕಾರಣಕ್ಕೆ. ಮಸಾಲೆ ದೋಸೆಯೂ ಚೆನ್ನ. ಆದರೆ ದೋಸೆಗೋಸ್ಕರವೇ ಊರು ದಾಟಿ ಬರುವವರಿಗೆ ವಿದ್ಯಾರ್ಥಿ ಭವನ, ಸಿಟಿಆರ್ ಇವೆಯಲ್ಲ. ಭಾನುವಾರ ಸಿಕ್ಕರೆ ಚಂದ್ರಹಾರ ಕೇಳಿ ನೋಡಿ: ಮಡಿಸಿ ಕರಿದ ಸಿಹಿ, ಮೇಲೆ ಹಾಲಿನ ರಸ.

ದಕ್ಷಿಣ ಕನ್ನಡದ ಕಡೆಯವರಿಗೆ, ಉತ್ತರ ಕರ್ನಾಟಕದವರಿಗೆ ಒಂದು ಮಾತು. ಬೆಂಗಳೂರಿನ ಸಾಂಬಾರಿಗೆ ಬೆಲ್ಲ ಬೀಳುತ್ತದೆ. ಖಾರ ನಿರೀಕ್ಷಿಸಿದವರಿಗೆ 'ಪಾಯಸಾನಾ' ಅನ್ನಿಸಿದರೆ ತಪ್ಪು ಹೋಟೆಲಿನದಲ್ಲ, ಊರಿನದು.

ಮಧ್ಯಾಹ್ನದ ಊಟ ಕೋಸಂಬರಿ, ಪಲ್ಯದಿಂದ ಶುರುವಾಗಿ ಬಿಸಿಬೇಳೆ ಬಾತ್, ಅನ್ನ, ಸಾರು, ಮೊಸರನ್ನ, ಕೊನೆಗೆ ಐಸ್‌ಕ್ರೀಮ್‌ವರೆಗೆ ಪಂಕ್ತಿಯೂಟದಂತೆ ಒಂದಾದ ಮೇಲೊಂದು ಬರುತ್ತದೆ. ಮುಗಿಸಲು ಮುಕ್ಕಾಲು ಗಂಟೆಯಾದರೂ ಬೇಕು. ಬೆಳಗ್ಗೆ ಅಲ್ಲಿ ತಿಂಡಿ ತಿಂದು ಮಧ್ಯಾಹ್ನವೂ ಅಲ್ಲೇ ಊಟ ಅನ್ನುವ ಉತ್ಸಾಹ ಬೇಡ, ಮೂರನೆಯ ಪದಾರ್ಥಕ್ಕೇ ಸೋಲುತ್ತೀರಿ. ಊಟಕ್ಕೆ ಬರುವುದಾದರೆ ಬೆಳಗ್ಗೆ ಕಾಫಿಗೇ ನಿಲ್ಲಿಸಿ.

ಲಾಲ್‌ಬಾಗ್ ಮೆಟ್ರೋ ಅಂದಾಕ್ಷಣ ಹೋಟೆಲು ಎದುರಿಗಿರುತ್ತದೆ ಅಂದುಕೊಳ್ಳಬೇಡಿ. ಮೆಟ್ರೋ ಇರುವುದು ತೋಟದ ಪಶ್ಚಿಮದ ಗೇಟಿನ ಕಡೆ, ಎಂಟಿಆರ್ ಇರುವುದು ಡಬಲ್ ರೋಡ್ ಕಡೆಯ ಮುಖ್ಯ ಗೇಟಿನ ಹತ್ತಿರ. ತೋಟದೊಳಗಿಂದಲೇ ಅಡ್ಡ ಹಾಯ್ದರೆ ಹಸಿವೂ ಆಗುತ್ತದೆ, ಗಾಜಿನ ಮನೆಯೂ ನೋಡಿದಂತಾಗುತ್ತದೆ. ಜನವರಿ 26 ಮತ್ತು ಆಗಸ್ಟ್ 15ರ ಆಸುಪಾಸಿನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಮಾತ್ರ ಈ ಕಡೆ ಬರಲೇಬೇಡಿ, ಹೂವು ನೋಡಿದವರೆಲ್ಲ ಸೀದಾ ಇಲ್ಲಿಗೇ ಬರುತ್ತಾರೆ. ಇಂದಿರಾನಗರ ಮುಂತಾದ ಕಡೆ ಶಾಖೆಗಳಿವೆ. ರವೆ ಇಡ್ಲಿ ಅಲ್ಲೂ ಸಿಗುತ್ತದೆ, ಸಾಲು ಚಿಕ್ಕದಿರುತ್ತದೆ. ಹಳೇ ಕಟ್ಟಡ ನೋಡುವ ಆಸೆ ಇಲ್ಲದವರಿಗೆ ಶಾಖೆಯೇ ಸುಖ.

ಬ್ರಾಹ್ಮಿನ್ಸ್ ಕಾಫಿ ಬಾರ್: ಹದಿನೈದು ನಿಮಿಷ, ನೂರು ರೂಪಾಯಿ

ಶಂಕರಪುರದ ರಂಗರಾವ್ ರಸ್ತೆಯ ಮೂಲೆಯಲ್ಲಿ 1965ರಿಂದ ಇರುವ ಅಂಗಡಿ. ಕೂರಲು ಕುರ್ಚಿ ಇಲ್ಲ, ಸಾಂಬಾರ್ ಇಲ್ಲ, ದೋಸೆ ಇಲ್ಲ. ಇರುವುದು ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಇಷ್ಟೇ ಇರುವುದರಿಂದಲೇ ಎಲ್ಲವೂ ಬಿಸಿ. ಇಡ್ಲಿ ಪಾತ್ರೆ ಇಳಿದ ಹಾಗೇ ಖಾಲಿಯಾಗುತ್ತಿರುತ್ತದೆ.

ಚಟ್ನಿಗೇ ಒಬ್ಬರು ನಿಂತಿರುತ್ತಾರೆ. ತಟ್ಟೆ ಚಾಚಿದರೆ ಇಡ್ಲಿ ಮುಳುಗುವಷ್ಟು ಸುರಿಯುತ್ತಾರೆ, ಎಷ್ಟು ಸಲ ಹೋದರೂ ಮುಖ ಗಂಟಿಕ್ಕುವುದಿಲ್ಲ. ಚಟ್ನಿ ಹೆಚ್ಚು ತಿನ್ನಬೇಕೆಂದರೆ ಇಡ್ಲಿಯನ್ನು ಮೊದಲೇ ಪುಡಿ ಮಾಡಬೇಡಿ, ಅಂಚಿನಿಂದ ಮುರಿಯುತ್ತ ಅದ್ದುತ್ತ ಹೋಗಿ. ವಡೆಯನ್ನು ಮೊದಲೇ ಚಟ್ನಿಯಲ್ಲಿ ಮುಳುಗಿಸಿದರೆ ಗರಿ ಎರಡೇ ನಿಮಿಷದಲ್ಲಿ ಹೋಗುತ್ತದೆ. ಅರ್ಧ ಒಣಗಾಗಿ, ಅರ್ಧ ನೆನೆಸಿ ತಿನ್ನುವುದು ಅಲ್ಲಿನ ಖಾಯಂ ಗಿರಾಕಿಗಳ ಪದ್ಧತಿ. ಒಬ್ಬರಿಗೆ ಎರಡು ಇಡ್ಲಿ, ಒಂದು ವಡೆ, ಒಂದು ಕಾಫಿ ಸಾಕು. ಇಬ್ಬರಿದ್ದರೆ ಮೇಲೆ ಒಂದು ಕೇಸರಿಬಾತ್ ಹಂಚಿಕೊಳ್ಳಿ.

ಯಾರಿಗೆ ಹೊಂದುವುದಿಲ್ಲ? ಮಂಡಿನೋವಿನವರಿಗೆ, ಮಳೆಗಾಲದಲ್ಲಿ ಛತ್ರಿ ಮರೆತವರಿಗೆ, ನಾಲ್ಕು ಮಾತಾಡುತ್ತ ಕೂರಬೇಕು ಅನ್ನುವವರಿಗೆ. ಹೆಚ್ಚಿನ ಜನ ರಸ್ತೆಯ ಬದಿಯಲ್ಲೇ ನಿಂತು ತಿನ್ನುವುದರಿಂದ ಮಕ್ಕಳ ಕೈ ಬಿಡಬೇಡಿ, ಅಂಗಡಿ ಮುಂದೆ ವಾಹನ ಓಡಾಡುತ್ತಲೇ ಇರುತ್ತವೆ.

ಇದರ ದೊಡ್ಡ ಅನುಕೂಲ ಬೇರೆ ಇದೆ. ವಿದ್ಯಾರ್ಥಿ ಭವನ ಇಲ್ಲಿಂದ ಹತ್ತು ಹದಿನೈದು ನಿಮಿಷದ ನಡಿಗೆ. ಹೊಟ್ಟೆಗೆ ಶಕ್ತಿ ಇರುವ ಇಬ್ಬರು ಬೆಳಗ್ಗೆ 6.30ಕ್ಕೆ ಗಾಂಧಿ ಬಜಾರಿನಲ್ಲಿ ಒಂದೇ ದೋಸೆ ಹಂಚಿಕೊಂಡು, ಕಾಫಿ ಕುಡಿಯದೆ ಎದ್ದು, ನಡೆದು ಬಂದು, ಇಲ್ಲಿ ಒಂದೊಂದು ತಟ್ಟೆ ಇಡ್ಲಿ ವಡೆ ತಿಂದು, ಕಾಫಿ ಕುಡಿದು ಎಂಟೂವರೆಗೆ ಮೆಟ್ರೋ ಹಿಡಿಯಬಹುದು. ಈ ಕ್ರಮವನ್ನು ತಿರುಗಿಸಬೇಡಿ. ಇಡ್ಲಿಯನ್ನು ಮೊದಲು ಮುಗಿಸಿ ಎಂಟಕ್ಕೆ ದೋಸೆಗೆ ಹೋದರೆ ಅಷ್ಟರಲ್ಲಿ ಅಲ್ಲಿ ಸಾಲು ಬೆಳೆದಿರುತ್ತದೆ. ಶುಕ್ರವಾರ, ಭಾನುವಾರ ಈ ಜೋಡಿ ನಡೆಯುವುದಿಲ್ಲ, ಎರಡರಲ್ಲಿ ಒಂದು ಮುಚ್ಚಿರುತ್ತದೆ.

ಮಲ್ಲೇಶ್ವರದ ಜೋಡಿ: ಸಿಟಿಆರ್, ವೀಣಾ ಸ್ಟೋರ್ಸ್

ಸಿಟಿಆರ್ ಹುಡುಕಿಕೊಂಡು ಹೋದವರು ಅದರ ಮುಂದೆಯೇ ನಿಂತು ದಾರಿ ಕೇಳುವುದುಂಟು. ಹೋಟೆಲಿನ ಈಗಿನ ಹೆಸರು ಶ್ರೀ ಸಾಗರ್. ಸೆಂಟ್ರಲ್ ಟಿಫಿನ್ ರೂಮ್ ಎಂಬುದು ಹಳೇ ಹೆಸರು, ಜನರ ಬಾಯಲ್ಲಿ ಅದೇ ಉಳಿದಿದೆ. ಮಾರ್ಗೋಸಾ ರಸ್ತೆ ಮತ್ತು 7ನೇ ಅಡ್ಡರಸ್ತೆ ಸೇರುವ ಮೂಲೆ ಅಂತ ಕೇಳಿ.

ಇಲ್ಲಿನ ಬೆಣ್ಣೆ ಮಸಾಲೆ ದೋಸೆಗೂ ದಾವಣಗೆರೆ ಬೆಣ್ಣೆ ದೋಸೆಗೂ ನೆಂಟಸ್ತಿಕೆ ಇಲ್ಲ. ದಾವಣಗೆರೆಯದು ಬೆಳ್ಳಗೆ, ಮೆತ್ತಗೆ, ಮೇಲೆ ಬೆಣ್ಣೆ. ಇದು ಕಂದು ಬಣ್ಣಕ್ಕೆ ತಿರುಗಿದ, ವಿದ್ಯಾರ್ಥಿ ಭವನದ್ದಕ್ಕಿಂತ ಗರಿ ಹೆಚ್ಚಿರುವ, ತಿಂದಾದ ಮೇಲೆ ಬೆರಳಿನಲ್ಲಿ ಬೆಣ್ಣೆ ಉಳಿಸುವ ದೋಸೆ. ಜೊತೆಗೆ ಚಟ್ನಿ ಮಾತ್ರ. ಗರಿಯೇ ಮುಖ್ಯ ಅನ್ನುವವರಿಗೆ ಸಿಟಿಆರ್, ಒಳಗಿನ ಮೆದು ಮುಖ್ಯ ಅನ್ನುವವರಿಗೆ ವಿದ್ಯಾರ್ಥಿ ಭವನ. ಜಿಡ್ಡು ಕಂಡರೆ ಹೆದರುವವರಿಗೆ ಎರಡೂ ಅಲ್ಲ. ಬೆಳಗ್ಗೆ ಏಳೂವರೆಯ ಹೊತ್ತಿಗೆ ತೆಗೆಯುವುದರಿಂದ ಆರಕ್ಕೇ ಮೆಜೆಸ್ಟಿಕ್ಕಿನಲ್ಲಿ ಇಳಿದವರಿಗೆ ಇದು ತಡ. ಮೊದಲು ಮಲ್ಲೇಶ್ವರ ಸುತ್ತಿ ಆಮೇಲೆ ಬನ್ನಿ. ಸಂಪಿಗೆ ರಸ್ತೆ ಮೆಟ್ರೋದಿಂದ ಅಡ್ಡರಸ್ತೆಗಳ ಸಂಖ್ಯೆ ಏರುತ್ತ ಹೋಗುತ್ತದೆ, ಎಣಿಸುತ್ತ ನಡೆದರೆ ದಾರಿ ತಪ್ಪುವುದಿಲ್ಲ.

15ನೇ ಅಡ್ಡರಸ್ತೆಯವರೆಗೂ ಎಣಿಸಿದರೆ ವೀಣಾ ಸ್ಟೋರ್ಸ್. 1977ರಿಂದ ಇರುವುದು, ಒಂದು ಕಿಟಕಿಯಷ್ಟಗಲದ ಅಂಗಡಿ. ಬ್ರಾಹ್ಮಿನ್ಸ್‌ನ ಹಾಗೆ ಇಡ್ಲಿ, ಚಟ್ನಿಯದೇ ದರ್ಬಾರು, ಜೊತೆಗೆ ಶಾವಿಗೆ ಬಾತ್, ಪುಳಿಯೋಗರೆಯಂಥ ಬಾತುಗಳೂ ಸಿಗುತ್ತವೆ. ತಟ್ಟೆ ಹಿಡಿದು ಫುಟ್‌ಪಾತಿನ ಕಲ್ಲಿನ ಮೇಲೋ, ನಿಲ್ಲಿಸಿದ ಕಾರಿನ ಬಾನೆಟ್ಟಿನ ಮೇಲೋ ಜಾಗ ಮಾಡಿಕೊಳ್ಳುವುದು ಅಲ್ಲಿನ ರೂಢಿ. ಕಾರಿನ ಯಜಮಾನ ಬಂದರೆ ತಟ್ಟೆ ಎತ್ತಿಕೊಂಡರಾಯಿತು. ಕಾಡುಮಲ್ಲೇಶ್ವರ ದೇವಸ್ಥಾನ ಹತ್ತಿರವೇ ಇದೆ, ದರ್ಶನ ಮುಗಿಸಿ ತಿಂಡಿಗೆ ಬರುವವರಿಗೆ ಇದಕ್ಕಿಂತ ಅನುಕೂಲವಿಲ್ಲ.

ಎರಡರಲ್ಲಿ ಒಂದು ಅಂದರೆ: ಸಮಯ ಒಂದು ಗಂಟೆಗಿಂತ ಕಡಿಮೆ ಇದ್ದರೆ ವೀಣಾ, ಹೆಚ್ಚಿದ್ದರೆ ಸಿಟಿಆರ್. ಭಾನುವಾರ ಬ್ರಾಹ್ಮಿನ್ಸ್ ಮುಚ್ಚಿರುವಾಗ ಇಡ್ಲಿ ಆಸೆಯವರು ಮಲ್ಲೇಶ್ವರದ ಕಡೆ ತಿರುಗುವುದು ಸಹಜ, ಹಾಗಾಗಿ ಅವತ್ತು ಬೇಗ ಹೋಗಿ.

ಈ ಐದೂ ಹೊಂದದಿದ್ದರೆ

ನಡೆಯಲಾಗದ ಹಿರಿಯರು ಜೊತೆಯಲ್ಲಿದ್ದು ಕಾರು ಇದ್ದರೆ ಲ್ಯಾವೆಲ್ಲೆ ರಸ್ತೆಯ ಹತ್ತಿರದ ಏರ್‌ಲೈನ್ಸ್ ಹೋಟೆಲ್ ನೋಡಿ. ದೊಡ್ಡ ಮರಗಳ ನೆರಳಿನಲ್ಲಿ ಕಾರು ನಿಲ್ಲಿಸಿ ಕೂತಲ್ಲೇ ತಿಂಡಿ ತರಿಸಿಕೊಳ್ಳಬಹುದು. ಮೇಲಿನ ಐದರ ದೋಸೆ ಇಡ್ಲಿಯ ಎತ್ತರ ಇಲ್ಲಿಲ್ಲ. ಅವಸರವಿಲ್ಲದ ನೆರಳಿದೆ, ಅದಕ್ಕೂ ಒಂದು ಬೆಲೆ.

ಮಾಂಸಾಹಾರಿಗಳು ದೋಸೆಯ ಸಾಲಿನಲ್ಲಿ ಬೆಳಗ್ಗೆ ಕಳೆಯಬೇಕಿಲ್ಲ. ಜಯನಗರದ ಶಿವಾಜಿ ಮಿಲಿಟರಿ ಹೋಟೆಲಿನ ದೊನ್ನೆ ಬಿರಿಯಾನಿ ಹೆಸರುವಾಸಿ. ಬಾಸ್ಮತಿ ಅಲ್ಲ, ಸಣ್ಣಕ್ಕಿ. ಕೊತ್ತಂಬರಿ ಪುದಿನದ ಹಸಿರು ಮಸಾಲೆ, ಎಲೆಯ ದೊನ್ನೆಯಲ್ಲಿ ಬಡಿಸುತ್ತಾರೆ. ಹೈದರಾಬಾದಿನ ಪದರ ಬಿರಿಯಾನಿ ನೆನೆಸಿಕೊಂಡು ಹೋದರೆ ಇದು ಪಲಾವು ಅನ್ನಿಸಬಹುದು, ಇದರ ಜಾತಿಯೇ ಬೇರೆ. ಹಂಡೆ ಖಾಲಿಯಾದರೆ ಅವತ್ತಿನದು ಮುಗಿಯಿತು, ಮಧ್ಯಾಹ್ನ ಒಂದರೊಳಗೆ ಹೋಗುವುದು ಕ್ಷೇಮ. ಮಿಲಿಟರಿ ಹೋಟೆಲುಗಳಲ್ಲಿ ಮುದ್ದೆ ಕೇಳಿದರೆ ಒಂದೇ ನಿಯಮ: ಅಗಿಯಬೇಡಿ, ಸಾರಿನಲ್ಲಿ ಹೊರಳಿಸಿ ನುಂಗಿ.

ಬೆಳಗ್ಗೆ ತಪ್ಪಿಯೇ ಹೋಯಿತು, ಸಂಜೆ ಮಾತ್ರ ಬಿಡುವು ಅನ್ನುವವರಿಗೆ ವಿ.ವಿ. ಪುರಂನ ತಿಂಡಿ ಬೀದಿ, ಸಜ್ಜನ್‌ರಾವ್ ವೃತ್ತದ ಹತ್ತಿರ. ನ್ಯಾಷನಲ್ ಕಾಲೇಜು ಮೆಟ್ರೋದಿಂದ ನಡೆಯುವಷ್ಟು ದೂರ. ಹೊತ್ತು ಮುಳುಗಿದ ಮೇಲೆ ರಂಗೇರುತ್ತದೆ. ಇಲ್ಲಿ ಆಗುವ ತಪ್ಪೆಂದರೆ ಮೊದಲ ಅಂಗಡಿಯಲ್ಲೇ ಹೊಟ್ಟೆ ತುಂಬಿಸಿಕೊಳ್ಳುವುದು. ಒಮ್ಮೆ ಕೊನೆಯವರೆಗೂ ನಡೆದು ನೋಡಿ, ವಾಪಸ್ ಬರುತ್ತ ತಿನ್ನಿ. ಅವರೆಕಾಯಿ ಕಾಲದಲ್ಲಿ ಬಂದರೆ ಬೇರೇನನ್ನೂ ನೋಡದೆ ಹಿತಕಿದ ಬೇಳೆಯ ಪದಾರ್ಥ ಹುಡುಕಿ.

ಸಾಲು ನೋಡಿಯೇ ಸುಸ್ತಾದರೆ ಹತ್ತಿರದ ಯಾವುದಾದರೂ ದರ್ಶಿನಿಗೆ ಹೋಗುವುದರಲ್ಲಿ ಸೋಲೇನಿಲ್ಲ. 1983ರಲ್ಲಿ ಜಯನಗರದಲ್ಲಿ ಶುರುವಾದ ಈ ನಿಂತು ತಿನ್ನುವ ಪದ್ಧತಿ ಈಗ ಊರಿನ ಮೂಲೆಮೂಲೆಯಲ್ಲಿದೆ. ಒಳ್ಳೆಯದನ್ನು ಗುರುತಿಸುವುದು ಸುಲಭ: ಬೆಳಗ್ಗೆ ಎಂಟಕ್ಕೆ ವಾಕಿಂಗ್ ಬೂಟಿನ ಅಜ್ಜಂದಿರು ಗುಂಪಾಗಿ ಕಾಫಿ ಕುಡಿಯುತ್ತಿದ್ದರೆ ಡಿಕಾಕ್ಷನ್ ತಾಜಾ ಇದೆ ಅಂತ ಲೆಕ್ಕ. ಕಾಫಿ ಹೇಳುವಾಗ ಸ್ಟ್ರಾಂಗೋ ಲೈಟೋ, ಸಕ್ಕರೆ ಬೇಕೋ ಬೇಡವೋ ಟೋಕನ್ ಕೊಡುವಾಗಲೇ ಹೇಳಿ. ಅರ್ಧ ಲೋಟ ಸಾಕಾದರೆ 'ಬೈಟು' ಅನ್ನಿ.

ಪಾರ್ಸಲ್ ವಿಷಯ. ಮನೆಯವರಿಗೂ ತೆಗೆದುಕೊಂಡು ಹೋಗೋಣ ಅನ್ನಿಸುವುದು ಸಹಜ, ಆದರೆ ಮಸಾಲೆ ದೋಸೆ ಕಟ್ಟಿಸಬೇಡಿ. ಬಿಸಿ ದೋಸೆಯ ಆವಿ ಪೊಟ್ಟಣದೊಳಗೇ ನೀರಾಗಿ, ಹತ್ತು ನಿಮಿಷಕ್ಕೆ ಗರಿ ಹೋಗಿ, ಪಲ್ಯ ಬಸಿದು ಮುದ್ದೆಯಾಗುತ್ತದೆ. ಇಡ್ಲಿ ಒಂದು ಗಂಟೆ ತಡೆಯುತ್ತದೆ, ಕೇಸರಿಬಾತ್ ಮಧ್ಯಾಹ್ನದವರೆಗೂ ತಡೆಯುತ್ತದೆ. ತೆಂಗಿನಕಾಯಿ ಚಟ್ನಿ ಬಿಸಿಲಿನ ದಿನ ಬಸ್ಸಿನಲ್ಲಿ ಹುಳಿಯಾಗುವುದರಿಂದ ಕಟ್ಟಿಸದಿರುವುದೇ ಲೇಸು. ಊರಿಗೆ ಒಯ್ಯಲೇಬೇಕು ಅಂದರೆ ಗಾಂಧಿ ಬಜಾರಿನ ಸುಬ್ಬಮ್ಮ ಅಂಗಡಿಯಲ್ಲಿ ಹಪ್ಪಳ, ಸಂಡಿಗೆ, ಕುರುಕಲು ಸಿಗುತ್ತವೆ. ವಿದ್ಯಾರ್ಥಿ ಭವನದ ಸಾಲಿನಲ್ಲಿ ಒಬ್ಬರು ಹೆಸರು ಬರೆಸಿ ನಿಂತಿದ್ದರೆ, ಅಂಗಡಿ ತೆಗೆದ ಹೊತ್ತಾದರೆ, ಇನ್ನೊಬ್ಬರು ಅಷ್ಟರಲ್ಲಿ ಅದನ್ನು ಮುಗಿಸಿಕೊಂಡು ಬರಬಹುದು.